ನಾನೇ ಒತ್ತಿದ ‘ಸರಿಯಾಯಿತು’

ಮಾರ್ಚ್ ೧೨, ಗುರುವಾರ.

ಮತ್ತೆ ತೆರೆದ ನಮ್ಮ ಕಚೇರಿಯ ಹಳೇ ಕಟ್ಟಡದಲ್ಲಿ ಮೆಟ್ಟಿಲ ಕಂಬಿ ಕಳಚಿ, ಗುಡಿಸುವ ಅಕ್ಕ ಬಿದ್ದು ಕೈ ಮುರಿದುಕೊಂಡಳು.

“ದೂರೇ ಬಂದಿಲ್ಲ, ಅವಳೇ ನೋಡ್ಕೊಂಡು ನಡೀಬೇಕಿತ್ತು” ಎಂದರು ಇಂಜಿನಿಯರ್.

ಆ ಕಂಬಿ ಬಗ್ಗೆ ಹಿಂದೆಯೇ ದೂರು ಹಾಕಿದ್ದೆನೆಂದು ದೇವರಾಣೆ ಮಾಡಿದೆ. ಕಟ್ಟಡ ಮುಚ್ಚಿದಾಗ ಕಂಪ್ಯೂಟರಿನ ಹಳೇ ದಾಖಲೆಗಳ ಆರ್ಕೈವ್‌ಗೆ ಹಾಕಿದ್ದ ದೂರುಗಳನ್ನೆಲ್ಲ ಅದನ್ನು ನೋಡಿಕೊಳ್ಳುವ ಹುಡುಗಿ ಹೊರತೆಗೆದಳು.

“ಇದೆ ಅಮ್ಮಾ. ಆದ್ರೆ ‘ಸರಿಯಾಯಿತು’ ಅಂತ ಒತ್ತಿರೋದೂ ನೀವೇ.”

ಹೌದು. ದೂರು ಬಾಕಿ ಉಳಿದರೆ ಆರ್ಕೈವ್ ಆಗದು ಎಂದಿದ್ದರು. ಮುಚ್ಚುವ ಕಟ್ಟಡಕ್ಕೇನು ಎಂದು ಎಲ್ಲಕ್ಕೂ ಒತ್ತಿ ಕೈ ತೊಳೆದುಕೊಂಡಿದ್ದೆ.

“ಯಾರಿಗೂ ಹೇಳಲ್ಲ, ವಾಪಸ್ ಆರ್ಕೈವ್‌ಗೇ ಹಾಕ್ಬಿಡ್ಲಾ?” ಎಂದಳು ಹುಡುಗಿ.

ಹೂಂ ಎಂದು ತಲೆಯಾಡಿಸಿಬಿಟ್ಟೆ.

ಸಂಜೆ ದೀಪ ಹಚ್ಚಿದೆ, ದೇವರ ಮುಖ ನೋಡಲಾಗಲಿಲ್ಲ. ನಾಳೆ ಆ ದೂರನ್ನು ಮತ್ತೆ ತೆಗೆಸಿ ಇಂಜಿನಿಯರಿಗೆ ತೋರಿಸುವೆ. ಅದು ಕಷ್ಟವಲ್ಲ. ಅದಕ್ಕೂ ಮುಂಚೆ ಆಸ್ಪತ್ರೆಗೆ ಹೋಗಿ ಅಕ್ಕನಿಗೆ ಹೇಳಬೇಕು. “ನೀವೊಬ್ಬರಾದರೂ ನನ್ನ ಪರ ನಿಂತಿರಿ” ಎಂದು ಇವತ್ತು ಕೈ ಹಿಡಿದುಕೊಂಡಿದ್ದಳು, ಮುರಿಯದ ಕೈಯಿಂದ.