ಅರ್ಧ ಕಥೆಯ ಅಕ್ಕ

ಮಾರ್ಚ್ 2, ಭಾನುವಾರ

ಸಿನಿಮಾ ಪರದೆ ಒಗೆದು ಒಣಹಾಕಿದೆ. ಮೂಲೆಯ ಕಲೆ ಹೋಗಲೊಲ್ಲದು. ಯಾವ ಸಿನಿಮಾ ಹಾಕಿದರೂ ಆಕಾಶದಲ್ಲಿ ಅದೊಂದು ಮೋಡ.

ಸಂಜೆ ಸಿನಿಮಾ ಕೂಟದ ಮೀಟಿಂಗ್. ಮುಂದಿನ ಭಾನುವಾರ ನಾವು ಸಿನಿಮಾ ತೋರಿಸುವ ಹಾಲ್‌ನ ಮಾಲೀಕರೇ ಬರುತ್ತಾರಂತೆ. ಜನ ತುಂಬಿದ್ದರೆ ಹಾಲ್ ನಮಗೆ. ಇಲ್ಲದಿದ್ದರೆ ಅದು ಗೋಡೌನ್.

"ಅವತ್ತೇ ಅಕ್ಕನಿಗೆ ಸನ್ಮಾನ ಇಟ್ಕೊಳ್ಳೋಣ" ಎಂದರು ಮೇಷ್ಟ್ರು. "ಊರಿಗೂರೇ ಬರತ್ತೆ."

ಬರದೆ ಇರುತ್ತದೆಯೇ? ಪ್ರತಿ ತಿಂಗಳೂ ಮನೆಮನೆಗೆ ಹೋಗಿ ಜನರನ್ನು ಕರೆತರುವವಳೇ ಅಕ್ಕ. ಬಾಗಿಲಲ್ಲಿ ನಿಂತು ಸಿನಿಮಾದ ಕಥೆ ಅರ್ಧ ಹೇಳುವುದು, ಉಸಿರು ಕಟ್ಟುವ ಜಾಗಕ್ಕೆ ಬಂದ ಕೂಡಲೇ "ಮಿಕ್ಕಿದ್ದು ಹಾಲಲ್ಲಿ" ಎಂದು ಹೊರಟೇಬಿಡುವುದು. ನಾನೂ ಹಳ್ಳಿಯಲ್ಲಿ ಅಜ್ಜಿಯ ಕಥೆ ಕೇಳಿ ಬೆಳೆದವನೇ. ಅಜ್ಜಿ ಇಷ್ಟು ನಿರ್ದಯಿ ಆಗಿರಲಿಲ್ಲ.

ಅಕ್ಕನಿಗೆ ಮೊದಲೇ ತಿಳಿಯಬಾರದು ಎಂದು ತೀರ್ಮಾನ.

ಮಾರ್ಚ್ 4

ನಾನೇ ಹೋಗಿ ಸುಳ್ಳು ಹೇಳಿದೆ — ಪ್ರೊಜೆಕ್ಟರ್ ಕೆಟ್ಟಿದೆ, ಈ ತಿಂಗಳು ಸಿನಿಮಾ ಇಲ್ಲ.

"ಕೆಟ್ಟಿದ್ಯೋ, ನೀನೇ ರಿಪೇರಿ ಮಾಡಿದ್ಯೋ ತಮ್ಮ?" ಎಂದು ನಕ್ಕಳು.

ಹಾಲಿನ ಬಾಗಿಲಿಗೆ ಪೋಸ್ಟರ್ ಅಂಟಿಸಿದೆವು. ಮಾರ್ಕೆಟ್‌ನಲ್ಲೂ ಎರಡು. ಸಾಕು.

ಮಾರ್ಚ್ 9, ಭಾನುವಾರ

ಕುರ್ಚಿಗಳೆಲ್ಲ ಸಾಲಾಗಿ... ಖಾಲಿ.

ಮೇಷ್ಟ್ರು, ನಾನು, ಮಾಲೀಕರು. ಏನೋ ನೆಪ ಹೇಳಿ ಕರೆತಂದ ಅಕ್ಕ. ಫಲಕ ಕೊಟ್ಟೆವು. ಮೂರು ಜೊತೆ ಕೈ ಚಪ್ಪಾಳೆ.

"ಬೇಗ ಮುಗಿಸ್ರಪ್ಪ" ಎಂದರು ಮಾಲೀಕರು. "ಪಾಪ, ಕುರ್ಚಿಗಳಿಗೆ ಮನೆಗೆ ಹೋಗೋಕೆ ಲೇಟಾಗತ್ತೆ."

ಅಕ್ಕ ಮೆಲ್ಲಗೆ ಕೇಳಿದಳು, "ಇವತ್ತು ಸಿನಿಮಾ ಇತ್ತೇನೋ?"

"ಇತ್ತು ಅಕ್ಕ."

"ಇಲ್ಲ ಅಂತ ಪ್ರತಿ ಮನೆಗೂ ಹೇಳಿ ಬಂದೆನಲ್ಲೋ... ಯಾರೂ ಸುಮ್ಮನೆ ಬಂದು ವಾಪಸ್ ಹೋಗಬಾರದು ಅಂತ."

ನೆಲ ಬಾಯಿ ಬಿಡಬಾರದೆ ಅನ್ನಿಸಿತು. ಫಲಕ ಕುರ್ಚಿಯ ಮೇಲಿಟ್ಟು ಹೋದಳು. ಬೆನ್ನು ಅಷ್ಟು ಬಾಗಿದ್ದು ಯಾವಾಗ?

ಮಾರ್ಚ್ 10

ದರ್ಜಿ ಸಿಕ್ಕಿದ್ದ. ಪೋಸ್ಟರ್ ನೋಡಿದ್ದನಂತೆ. "ಹಳೇದಿರಬೇಕು ಅನ್ಕೊಂಡೆ. ಅಕ್ಕ ಇಲ್ಲ ಅಂದ್ಮೇಲೆ ಇಲ್ಲ ತಾನೇ?"

ಬರುವಾಗ ಮಾರ್ಕೆಟ್‌ನ ಎರಡೂ ಪೋಸ್ಟರ್ ಕಿತ್ತು ತಂದೆ.

ಮಾರ್ಚ್ 13

ಹಾಲಿಗೆ ಹೊಸ ಬೀಗ. ಒಳಗೆ ಸಿಮೆಂಟ್ ಮೂಟೆ. ಮಾಲೀಕರನ್ನು ಬೇಡಿಕೊಂಡೆ, ನಡೆದದ್ದು ಹೇಳಿದೆ. "ಕಥೆ ಚೆನ್ನಾಗಿದೆ" ಎಂದರು. ಪರದೆ ಸುತ್ತಿ ಹೆಗಲ ಮೇಲೆ ಹೊತ್ತು ಬಂದೆ. ಮಂಚದ ಕೆಳಗಿದೆ.

ಏಪ್ರಿಲ್ 6

ಅಕ್ಕ ಹೊರಗೆ ಬರುತ್ತಿಲ್ಲ. ಫಲಕ ಒಯ್ದೆ. "ಅಲ್ಲೇ ಇಟ್ಟು ಹೋಗು" ಎಂದಳು ಒಳಗಿನಿಂದ. ಸಿಟ್ಟಾದರೂ ಮಾಡಬಾರದಿತ್ತೆ? "ನನ್ನ ಮಾತು ಇನ್ಯಾರು ನಂಬ್ತಾರೆ ತಮ್ಮ" ಎಂದಳು, ಅಷ್ಟೆ.

ನಂಬಿದ್ದಕ್ಕೇ ಅಲ್ಲವೇ ಹೀಗಾದದ್ದು.

ಏಪ್ರಿಲ್ 20

ಅವಳ ಬಾಗಿಲಲ್ಲಿ ನಿಂತು ಕಥೆ ಶುರು ಮಾಡಿದೆ. ಅವಳದೇ ವರಸೆ — ಅರ್ಧಕ್ಕೆ ನಿಲ್ಲಿಸಿದೆ. "ಆಮೇಲೆ?" ಅನ್ನಲಿ ಎಂದು ಕಾದೆ. ಚಿಲಕದ ಸದ್ದೂ ಇಲ್ಲ.

ಏಪ್ರಿಲ್ 27, ಭಾನುವಾರ

ಇವತ್ತೂ ಹೋಗುತ್ತೇನೆ. ಬೇರೆ ಕಥೆ. ಇಲ್ಲಿ ಬರೆದು ನೋಡುತ್ತಿದ್ದೇನೆ, ಬಾಗಿಲಲ್ಲಿ ಮಾತು ತಪ್ಪದಿರಲಿ ಎಂದು.

ಒಂದಾನೊಂದು ಊರಲ್ಲಿ ಒಬ್ಬಳು ಅಕ್ಕ ಇದ್ದಳು. ಅವಳು ಕರೆದರೆ ಊರೇ ಎದ್ದು ಬರುತ್ತಿತ್ತು. ಒಂದು ದಿನ ಅವಳ ತಮ್ಮ ಬಂದು