ಬೂಷ್ಟಿಗೆ ಉಪವಾಸ

ಗದಗ ಹೂಪೇಟೆ
ಕ್ರಿ.ಶ. ೨೨೩೧, ಹದಿಮೂರನೆಯ ತಿಂಗಳ ಹದಿನೇಳನೆಯ ದಿನ

ಇನ್ನೂ ಹನ್ನೆರಡೇ ತಿಂಗಳಲ್ಲಿ ವರ್ಷ ತೂಗಿಸುತ್ತಿರುವ ಹಿರಿಯರೇ,

ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಬರಹವೂ ನಮಗೆ ಹಾಗೇ ಕಾಣುತ್ತದೆ. ಈ ಹದಿಮೂರನೆಯದು ಮುಚ್ಚುತಿಂಗಳು. ಹೂವಿನ ಕಸದ ತಿಪ್ಪೆಗಳಿಗೆ ಹೊದಿಕೆ ಹಾಕಿ, ಯಾರೂ ಕೆದಕದೆ ಬಿಡುತ್ತೇವೆ; ಬೂಷ್ಟಿನ ಪುಡಿ ಗಾಳಿಗೆ ಏಳಬಾರದು. ನಾನು ನೀಲವ್ವ ಹೂಗಾರ, ಹೂಗೊಬ್ಬರ ಮಾರಿ ಮೇಲೆ ಬಂದವಳು. ನಾನು ಓದಿದ್ದು ಕಡಿಮೆ, ನನ್ನ ಬಾಯಿ ಮಾತ್ರ ಪೂರ್ತಿ ಓದಿಕೊಂಡಿದೆ.

ಮನುಷ್ಯರ ಎದೆಯೊಳಗಿನ ಬೂಷ್ಟು ಕೊಲ್ಲುವ ಔಷಧಿಯ ಅಣ್ಣತಮ್ಮಂದಿರನ್ನೇ ನಿಮ್ಮ ಕಾಲದವರು ಹೂವಿಗೂ ಸಿಂಪಡಿಸಿದರು. ಹೂವು ಸಂಜೆಗೆ ಬಾಡಿತು, ಔಷಧಿ ತಿಪ್ಪೆಯಲ್ಲಿ ಉಳಿಯಿತು. ಅಲ್ಲಿ ಯಾವುದೋ ಒಂದು ಬೂಷ್ಟಿನ ವಂಶವಾಹಿಯಲ್ಲಿ ಅಕ್ಷರವೊಂದು ಬದಲಾಗಿ, ಔಷಧಿ ಹೋಗಿ ಕೂರುವ ಕುರ್ಚಿಯೇ ಓರೆಯಾಗಿ, ಔಷಧಿ ನಾಟದಾಯಿತು. ಸಾಲದ್ದಕ್ಕೆ ಅದರ ಮುಂದಿನ ಸಾಲು ಎರಡು ಸಲ ಮೂಡಿ, ಇದ್ದ ಔಷಧಿ ಸಾಲದಷ್ಟು ಕುರ್ಚಿಗಳೂ ಹೆಚ್ಚಿದವು. ಉಳಿದ ಬೂಷ್ಟು ಬಹುಪಾಲು ಸತ್ತಿತು. ಇದರ ಸಂತಾನ ಪೇಟೆ ಆಳಿತು.

ನನ್ನ ತಿಪ್ಪೆಗೆ ಔಷಧಿ ಸಿಂಪಡಿಸಿದ ಹೂವನ್ನು ನಾನು ಬರಗೊಡಲಿಲ್ಲ. ಔಷಧಿಯೇ ಇಲ್ಲದ ಕಡೆ ಓರೆ ಕುರ್ಚಿಯವರಿಗೆ ಯಾವ ಮೇಲುಗೈ? ನಿಧಾನಕ್ಕೆ ಹಳೆಯ ಬೂಷ್ಟೇ ಮರಳುತ್ತದೆಂದು ನನ್ನ ಅಂದಾಜು. ಹೂವಿಗೆ ಸಿಂಪಡಿಸುವ ಔಷಧಿ ಮಾರುವ ಚನ್ನಬಸು ಪೇಟೆಯ ನಡುವೆಯೇ ನಕ್ಕ.

“ಏನ ನೀಲಕ್ಕಾ, ಬೂಷ್ಟಿಗೂ ಉಪಾಸ ಹಾಕೀಯೇನ?”

“ಹೂಂನಪಾ, ನಿನ್ನ ಹೊಟ್ಟಿಗೆ ಹಾಕಾಕ ಆಗೂದಿಲ್ಲಲ್ಲ!”

ಗೊಬ್ಬರ ಹಣ್ಣಾಯಿತೇ ಎಂದು ಮೂಗಿಟ್ಟು ನೋಡುವುದು ನಮ್ಮ ಹೂಗಾರರ ಹಳೆಯ ಚಟ. ಕಾಯಿಲೆಯಿಂದ ಮೊದಲೇ ಸೋತಿದ್ದ ನನ್ನ ಗಂಡ ಫಕ್ಕೀರಪ್ಪ, ಹೊದಿಕೆ ಹಾಕುವ ಮುನ್ನ ನಮ್ಮ ತಿಪ್ಪೆಗೆ ಮೂಗಿಟ್ಟ. ಬೂಷ್ಟು ಎದೆಗೆ ಹೊಕ್ಕಿತು. ಓರೆ ಕುರ್ಚಿಯದಾದರೆ ಔಷಧಿ ನಾಟುವುದಿಲ್ಲವೆಂದರು ಡಾಕ್ಟರು. ನನ್ನ ಅಂದಾಜು ತಪ್ಪಿದ್ದರೆ ಗಂಡನೇ ಹೋಗುತ್ತಿದ್ದ.

ಅವನ ಎದೆಯ ಬೂಷ್ಟಿನ ಪರೀಕ್ಷೆಯ ಫಲಿತಾಂಶ ಬಂತು: ಅಕ್ಷರ ನೆಟ್ಟಗಿದೆ, ಸಾಲು ಒಂದೇ ಇದೆ! ಔಷಧಿ ನಾಟಿತು, ಜ್ವರ ಇಳಿಯಿತು. ಇವತ್ತು ಬೆಳಿಗ್ಗೆ ಅವನು ಎದ್ದು ಕೂತು ಗದರಿದ, “ಏ, ಚಾದಾಗ ಸಕ್ರಿ ಎಲ್ಲೈತಿ?” ಬೈಗುಳ ಕೇಳಿ ನಾನು ಕುಣಿದದ್ದು ಇದೇ ಮೊದಲು. ಬಾಗಿಲಲ್ಲಿ ಚನ್ನಬಸು ಮೆಲ್ಲಗೆ ಕೇಳಿದ, “ಅಕ್ಕಾ, ಔಷಧಿ ಬಿಟ್ಟು ಹೊದಿಕಿ ಮಾರಬೇಕಂತೀನಿ, ಎಲ್ಲಿ ಸಿಗತಾವ?”

ಹಿರಿಯರೇ, ಒಂದು ಔಷಧಿಯನ್ನಾದರೂ ಮನುಷ್ಯರ ಎದೆಗೆಂದು ತೆಗೆದಿಡಿ. ಹೂವು ಬಾಡಲಿ ಬಿಡಿ, ಅದರ ಕಸುಬೇ ಅದು. ನಾನು ಏಳುತ್ತೇನೆ. ಒಳಗಿನಿಂದ ಫಕ್ಕೀರಪ್ಪ ಮತ್ತೆ ಕೂಗುತ್ತಿದ್ದಾನೆ, ದಮ್ಮು ಕಟ್ಟದೆ.