ತಡೆಹಿಡಿದ ಪೆಟ್ಟಿಗೆಗಳು

ಕ್ಯಾಂಟನ್, ಮಿಶಿಗನ್
ಮಾರ್ಚ್ 7, 2026, ಶನಿವಾರ

ಮೌಳಿ,

ಹೊರಗೆ ಮೂವತ್ತೊಂದು ಡಿಗ್ರಿ ಫ್ಯಾರನ್‌ಹೀಟ್. ಡ್ರೈವ್‌ವೇಯ ಹಿಮ ತೆಗೆದು, ಕಾಫಿ ಮಾಡಿಕೊಂಡು ಕೂತಿದ್ದೇನೆ. ಕೈಬರಹ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಆಫೀಸ್ ಮೇಲ್‌ನಲ್ಲಿ ಬರೆದರೆ ನೀನು ‘ನೋಟೆಡ್, ಥ್ಯಾಂಕ್ಸ್’ ಎಂದು ಮುಗಿಸಿಬಿಡುತ್ತೀಯ. ಕಟ್ಟಿಕೊಂಡ ಹೆಂಡತಿಗೆ ಅಷ್ಟು ಸಾಲದು.

ಗುರುವಾರದ ಕಾಲ್‌ನಲ್ಲಿ ನೀನು ಓಕ್ ಬ್ರೂಕ್‌ನ ಹೆಡ್ ಆಫೀಸಿನಿಂದ ಎಲ್ಲರೆದುರು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ. ಬಲ್ಗೇರಿಯಾದಿಂದ ಬಂದ ಪೆಟ್ಟಿಗೆಗಳನ್ನು ಕ್ವಾಲಿಟಿ ಟೀಮ್ ಯಾಕೆ ತಡೆಹಿಡಿದಿದೆ, ಸೋಮವಾರ ಕಾರಣ ಬರಲಿ, ತಪ್ಪು ಬಲ್ಗೇರಿಯಾದವರದಾದರೆ ಹೊಸ ಮಾಡೆಲ್‌ನ ಆರ್ಡರ್ ಬೇರೆ ದೇಶಕ್ಕೆ ಹೋಗುತ್ತದೆ ಎಂದು ನೀನು ಅಂದೆ. ಪಕ್ಕದ ಸೀಟಿನ ರಮೇಶ್ ಮ್ಯೂಟ್ ಒತ್ತಿ, ಮನೇಲೂ ನಿಮ್ಮನ್ನ ಕ್ವಾಲಿಟಿ ಟೀಮ್ ಅಂತಾನೇ ಕರೀತಾರಾ ಅಂತ ಕೇಳಿದ. ನೀನು ನೇಪರ್‌ವಿಲ್‌ನಲ್ಲಿ, ನಾನು ಇಲ್ಲಿ, ಮನೆಯಲ್ಲಿ ಕರೆದು ಬಹಳ ಕಾಲವಾಯಿತು ಎಂದು ಹೇಳಲಿಲ್ಲ. ನಕ್ಕೆ.

ಆದದ್ದು ಇಷ್ಟು. ಮಂಗಳವಾರ ಏರ್ ಕಾರ್ಗೋದಲ್ಲಿ ಕಾರ್ ಸೀಟಿನ ವೈರಿಂಗ್ ಬಂತು. ಪೋಲೆಂಡಿನ ತಾಮ್ರ, ಹಂಗೇರಿಯ ಕನೆಕ್ಟರ್, ಬಲ್ಗೇರಿಯಾದ ಪ್ಲೊವ್ಡಿವ್ ಹತ್ತಿರದ ಒಂದು ಊರಿನ ಹೆಂಗಸರ ಕೈಕೆಲಸ. ಆ ತಂತಿಗೆ ಪಾಸ್‌ಪೋರ್ಟ್ ಇದ್ದಿದ್ದರೆ ಮುದ್ರೆ ಒತ್ತಲು ಪುಟ ಸಾಲುತ್ತಿರಲಿಲ್ಲ. ಪೆಟ್ಟಿಗೆ ತೆರೆದರೆ ಮೇಲಿನ ತಂತಿಕಟ್ಟಿನ ಮೇಲೆ ಕೆಂಪು-ಬಿಳಿ ದಾರ ಸುತ್ತಿತ್ತು, ತುದಿಯಲ್ಲಿ ಪುಟ್ಟ ಕುಚ್ಚು. ಎಲ್ಲ ಪೆಟ್ಟಿಗೆಯಲ್ಲೂ ಹಾಗೇ. ನಮ್ಮ ಪ್ಲಾಂಟ್‌ನಲ್ಲಿ ಕೆಂಪು ಅಂದರೆ ಕೆಟ್ಟ ಮಾಲು, ಮುಟ್ಟಬೇಡ ಎಂದರ್ಥ. ತೆಗೆದಿಟ್ಟ ಕೆಟ್ಟ ಮಾಲನ್ನೇ ತಪ್ಪಿ ಕಳಿಸಿದ್ದಾರೆ ಎಂದುಕೊಂಡು ಎಲ್ಲವನ್ನೂ ತಡೆಹಿಡಿದೆ. ‘ಗುರುತಿಸಲಾಗದ ಕೆಂಪು ಗುರುತು’ ಎಂದು ವರದಿಯನ್ನೂ ಬರೆದೆ. ಅನುವಾದದ ಕಾದಂಬರಿಯಲ್ಲಿ ಒಂದು ಅಡಿಟಿಪ್ಪಣಿಯನ್ನೂ ಬಿಡದೆ ಓದುವವಳು ನಾನು. ಈ ಪೆಟ್ಟಿಗೆಗಳಿಗೆ ಅಡಿಟಿಪ್ಪಣಿ ಇರಲಿಲ್ಲ.

ಅಲ್ಲಿನ ಕ್ವಾಲಿಟಿ ಮುಖ್ಯಸ್ಥೆ ದೆಸಿಸ್ಲಾವಾ ರಜೆಯಲ್ಲಿದ್ದವಳು ನಿನ್ನೆ ಬೆಳಿಗ್ಗೆ ವಿಡಿಯೋ ಕಾಲ್‌ಗೆ ಸಿಕ್ಕಿದಳು. ಫೋಟೋ ತೋರಿಸಿದೆ. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ಮಾರ್ಚ್ ಒಂದಕ್ಕೆ ಅವರಲ್ಲಿ ಆರೋಗ್ಯವಾಗಿರಲಿ ಎಂದು ಬೇಕಾದವರ ಕೈಗೆ ಈ ದಾರ ಕಟ್ಟುತ್ತಾರಂತೆ. ಹೂಬಿಟ್ಟ ಮರ ಕಂಡ ದಿನ ಬಿಚ್ಚಿ ಅದರ ಕೊಂಬೆಗೆ ಕಟ್ಟುತ್ತಾರಂತೆ. ಅಮೆರಿಕದ ಸೀಟಿಗೆ ಯಾಕಮ್ಮ ಕಟ್ಟಿದಿರಿ ಎಂದೆ. ಸೀಟಿಗಲ್ಲ, ನಿನಗೆ ಅಂದಳು. ಪ್ರತಿ ಕಾಲ್‌ನಲ್ಲೂ ನನ್ನ ಕೈಯಲ್ಲಿರುವ ದೇವಸ್ಥಾನದ ಕೆಂಪು ದಾರ ನೋಡಿ, ಪಾಪ, ಇವಳಿಗೆ ಅಲ್ಲಿ ಹೂಬಿಟ್ಟ ಮರವೇ ಸಿಗುತ್ತಿಲ್ಲ, ಹಳೆಯದನ್ನೇ ವರ್ಷವೆಲ್ಲ ಕಟ್ಟಿಕೊಂಡಿದ್ದಾಳೆ ಎಂದು ಹೆಂಗಸರೆಲ್ಲ ಮರುಗಿದ್ದರಂತೆ. ಅದಕ್ಕೇ ಪೆಟ್ಟಿಗೆಗೊಂದು ಹೊಸ ದಾರ! ಅಷ್ಟರಲ್ಲಿ ಅವಳು ಲೈನಿನವರನ್ನೆಲ್ಲ ಕ್ಯಾಮೆರಾ ಮುಂದೆ ಕರೆದಳು. ಎಲ್ಲರೂ ಕೈ ಎತ್ತಿ ತೋರಿಸಿದರು. ನಾನೂ ಎತ್ತಿದೆ. ಯಾರೋ ಹಿಂದಿನಿಂದ ಏನೋ ಕೂಗಿದರು, ಎಲ್ಲರೂ ನಕ್ಕರು. ಏನೆಂದು ಕೇಳಿದರೆ ದೆಸಿಸ್ಲಾವಾ ಅನುವಾದ ಮಾಡಲಿಲ್ಲ. ನನ್ನ ವಿಷಯವೇ ಇರಬೇಕು.

ನಗು ಮುಗಿದ ಮೇಲೆ ಮೆಲ್ಲಗೆ ಕೇಳಿದಳು, ಆರ್ಡರ್ ನಮ್ಮ ಕೈತಪ್ಪಿ ಹೋಗುತ್ತದೆಯೇ ಅಂತ. ಆ ಊರಿನಲ್ಲಿ ಬೇರೆ ಫ್ಯಾಕ್ಟರಿ ಇಲ್ಲ.

ಮಾಲು ಪರೀಕ್ಷೆ ಮಾಡಿಸಿದೆ, ಒಂದು ದೋಷವೂ ಇಲ್ಲ. ರಮೇಶ್ ಸುಲಭದ ದಾರಿ ಹೇಳಿದ: ‘ಪೆಟ್ಟಿಗೆಯಲ್ಲಿ ಅನಗತ್ಯ ವಸ್ತು, ಸಪ್ಲೈಯರ್‌ಗೆ ಎಚ್ಚರಿಕೆ’ ಎಂದು ಬರೆದರೆ ಯಾರೂ ನಗುವುದಿಲ್ಲ. ನಿಜ, ಆದರೆ ತಪ್ಪು ಅವರ ಹೆಸರಿಗೆ ಹೋಗುತ್ತದೆ. ಸೋಮವಾರ ಕಾರಣದ ಜಾಗದಲ್ಲಿ ‘ಉಡುಗೊರೆಯನ್ನು ವಸುಧಾ ದೋಷವೆಂದು ತಿಳಿದದ್ದು’ ಎಂದು ಬರೆದು, ಎಲ್ಲರೆದುರು ನಾನೇ ಓದುತ್ತೇನೆ. ನೀನು ಮ್ಯೂಟ್ ಮಾಡಿಕೊಂಡು ನಗುತ್ತೀಯೆಂದು ಗೊತ್ತು.

ಈ ಪತ್ರ ನಿನಗೆ ಸಿಗುವ ಹೊತ್ತಿಗೆ ಸೋಮವಾರ ಕಳೆದಿರುತ್ತದೆ. ಬೇಕೆಂದೇ ಅಂಚೆಗೆ ಹಾಕುತ್ತಿದ್ದೇನೆ. ಆರ್ಡರ್ ಯಾರಿಗೆ ಎಂದು ತೀರ್ಮಾನಿಸುವವನು ನೀನು, ಅದರಲ್ಲಿ ಹೆಂಡತಿಯ ಶಿಫಾರಸು ಸೇರಬಾರದು.

ಇಂತು,
ಕ್ವಾಲಿಟಿ ಟೀಮ್
(ವಸುಧಾ)

ಮರೆತಿದ್ದೆ: ಲಕೋಟೆಯಲ್ಲಿ ಒಂದು ದಾರವಿದೆ, ನಿನ್ನ ಕೈಗೆ. ಗಂಟು ಬಿಗಿಯಲು ಇನ್ನೊಬ್ಬರು ಬೇಕು, ಒಂದೇ ಕೈಯಲ್ಲಿ ಆಗುವುದಿಲ್ಲ, ನಾನು ಕಟ್ಟಿಕೊಂಡು ನೋಡಿದೆ. ನೇಪರ್‌ವಿಲ್‌ನಲ್ಲಿ ನಿನ್ನ ಕಿಟಕಿಯ ಮುಂದಿನ ಮ್ಯಾಗ್ನೋಲಿಯಾ ಮರ ನಮ್ಮ ಕಡೆಗಿಂತ ಮೊದಲೇ ಹೂಬಿಡುತ್ತದೆ ಎಂದು ಹಿಂದೊಮ್ಮೆ ನೀನು ಜಂಬ ಕೊಚ್ಚಿದ್ದೆ. ಈ ಸಲ ನನ್ನ ದಾರ ಬಿಚ್ಚುವುದು ಅಲ್ಲೇ ಎಂದು ತೀರ್ಮಾನಿಸಿದ್ದೇನೆ. ಮೊಗ್ಗು ಕಂಡರೆ ಹೇಳು. ಆಫೀಸ್ ಮೇಲ್‌ನಲ್ಲಿ ಬೇಡ.